ಹೇಗೆ ಗುರುತಿಸುತ್ತೀರಿ?

ಹದಿನೇಳನೆಯ ಚಿತ್ರದ ಚೌಕಟ್ಟಿಗೆ ಆತ ಆಗಲೇ ಕೈ ಹಾಕಿಯಾಗಿತ್ತು. ಕಾವಲಿನವಳು ಕುರ್ಚಿಯ ತುದಿಯಿಂದ ಎದ್ದು ಅಡ್ಡ ನಿಂತಳು.

"ಮುಟ್ಟಬಾರದು ಸಾರ್."

"ಇದು ನನ್ನ ಹೆಂಡತಿ. ಈಗಲೇ ಇಳಿಸಿ."

ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನ ಶುರುವಾಗಿ ನಾಲ್ಕನೆಯ ದಿನ. ಛಾಯಾಗ್ರಾಹಕಿ ಎರಡು ವರ್ಷ ಮನೆಮನೆಯ ಒಳಗೆ ಕೂತು ತೆಗೆದ ಚಿತ್ರಗಳು. ಯಾರದೂ ಮುಖವಿಲ್ಲ, ಹೆಸರಿಲ್ಲ; ಆಕೆ ಕೊಟ್ಟ ಮಾತು ಅದು. ಹದಿನೇಳನೆಯದರಲ್ಲಿ ಸ್ನಾನ ಮುಗಿಸಿ ಕೂತ ಹೆಂಗಸಿನ ಬೆನ್ನು. ಎಡ ಹೆಗಲ ಕೆಳಗೆ ಇಸ್ತ್ರಿಪೆಟ್ಟಿಗೆಯ ಆಕಾರದ ಸುಟ್ಟ ಕಲೆ.

ಕಾವಲಿನವಳು ಹಟ ಹಿಡಿದು ಇದೇ ಕೋಣೆಗೆ ಪಾಳಿ ಹಾಕಿಸಿಕೊಂಡಿದ್ದಳು. ದಿನವಿಡೀ ಕುರ್ಚಿಗೆ ಒರಗದೆ ಕೂತು ಆ ಚಿತ್ರವನ್ನು ಕಾಯುತ್ತಿದ್ದಳು. ಚಿತ್ರಕ್ಕೇನು ಕಾಲು ಬಂದು ಓಡಿಹೋಗುತ್ತದೆಯೇ ಎಂದು ಉಳಿದವರು ಕಿಚಾಯಿಸುತ್ತಿದ್ದರು. ಏನೇ ಆದರೂ ಇದು ಗೋಡೆಯಿಂದ ಇಳಿಯಬಾರದು, ಅವಳಿಗೆ ಬೇಕಿದ್ದದ್ದು ಅಷ್ಟೇ.

ಆದರೆ ನಿಯಮವೊಂದಿತ್ತು. ಚಿತ್ರದಲ್ಲಿರುವವರ ಮನೆಯವರು ಅರ್ಜಿ ಕೊಟ್ಟು ಗುರುತು ಸಾಬೀತುಪಡಿಸಿದರೆ ಅಂದೇ ಇಳಿಸಬೇಕು. ಗಲಾಟೆ ಕೇಳಿ ಬಂದ ಸಂಗ್ರಹಾಲಯದ ಮುಖ್ಯಸ್ಥೆ ಏನೋ ಹೇಳಲು ಬಾಯಿ ತೆರೆದರು. ಕಾವಲಿನವಳು ತಲೆ ಅಲ್ಲಾಡಿಸಿ ತಡೆದಳು. ಅರ್ಜಿಯ ಹಾಳೆಯನ್ನು ತಾನೇ ತಂದು ಆತನ ಮುಂದಿಟ್ಟಳು.

ಆತ ಅದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಅಧಿಕಾರಿ. ಒಂದು ಕಾಲಂ ಖಾಲಿಯಿದ್ದರೂ ಸಾಕು, ಇಪ್ಪತ್ತು ವರ್ಷಗಳಿಂದ ವಿದ್ಯಾರ್ಥಿಗಳ ಅರ್ಜಿಗಳನ್ನು ಮುಖಕ್ಕೆ ಎಸೆಯುತ್ತ ಬಂದವನು. ಬರೆಯುತ್ತಲೇ ಗೊಣಗಿದ: ಹೆಂಡತಿ ಮೂರು ತಿಂಗಳ ಹಿಂದೆ ತವರಿಗೆ ಹೋದಳು, ಗಂಡ ಸುಟ್ಟ ಎಂದು ಊರೆಲ್ಲ ಸಾರುತ್ತಿದ್ದಾಳೆ. ಅವಳೇ ಇಸ್ತ್ರಿಪೆಟ್ಟಿಗೆಯ ಮೇಲೆ ಬಿದ್ದದ್ದು. ಯಾರೂ ಅವಳ ಮಾತು ನಂಬಿಲ್ಲ. ಈಗ ನೋಡಿದರೆ ಬೆನ್ನನ್ನೇ ಪ್ರದರ್ಶನಕ್ಕಿಟ್ಟಿದ್ದಾಳೆ, ನಾಚಿಕೆ ಬಿಟ್ಟವಳು.

ಕಾವಲಿನವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ತಣ್ಣಗೆ ಹಾಳೆ ಓದಿದಳು. 'ಹೇಗೆ ಗುರುತಿಸುತ್ತೀರಿ?' ಎಂಬ ಕಾಲಂನಲ್ಲಿ 'ಕಲೆಯಿಂದ' ಎಂದಷ್ಟೇ ಇತ್ತು. ಹಾಳೆಯನ್ನು ಹಿಂದಕ್ಕೆ ತಳ್ಳಿದಳು.

"ಇದು ಸಾಲದು. ಇಂಥ ಕಲೆ ಎಷ್ಟೋ ಜನರ ಬೆನ್ನ ಮೇಲಿರುತ್ತೆ. ನಿಮ್ಮವರದೇ ಅಂತ ಹೇಗೆ ಹೇಳ್ತೀರಿ?"

ಅರ್ಜಿ ವಾಪಸು ಬಂದದ್ದು ಆತನ ಜೀವನದಲ್ಲಿ ಇದೇ ಮೊದಲು. ಮುಖ ಕೆಂಪೇರಿತು.

"ನನ್ನ ಕೈಯಾರೆ ಇಟ್ಟಿದ್ದು. ನನಗೆ ಗೊತ್ತಾಗಲ್ವಾ?"

"ಹಾಗಾದ್ರೆ ಹಾಗೇ ಬರೀರಿ. ಅರೆಬರೆ ಅರ್ಜಿ ನಾವು ತಗೊಳ್ಳಲ್ಲ."

ಆತ ರೊಚ್ಚಿನಲ್ಲಿ ಬರೆದ. ಎಡ ಹೆಗಲ ಕೆಳಗೆ, ಬಿಸಿ ಇಸ್ತ್ರಿಪೆಟ್ಟಿಗೆ, ತಾನೇ ಇಟ್ಟದ್ದು, ದಿನಾಂಕ ಸಮೇತ. ಕೆಳಗೆ ಸಹಿ. ಮುಖ್ಯಸ್ಥೆ ಓದಿ ಮೊಹರು ಒತ್ತಿದರು. ಕಾವಲಿನವಳು ಹಾಳೆಯನ್ನು ಎರಡು ಮಡಿಕೆ ಮಾಡಿ, ಇದು ಇವರ ಹೆಂಡತಿಯ ಕೈಸೇರಬೇಕು ಎಂದು ಮುಖ್ಯಸ್ಥೆಗೆ ಒಪ್ಪಿಸಿದಳು.

"ಎಲ್ಲಾ ಬರೆದಾಯ್ತಲ್ಲ? ಇಳಿಸಿ ಈಗ," ಎಂದ ಆತ.

"ಇಳಿಸಲ್ಲ ಸಾರ್. ಈ ಬೆನ್ನು ನನ್ನದು, ಸುಟ್ಟವನು ನನ್ನ ಗಂಡ."