ನಿಂತ ಫ್ಯಾನು

ಅಣಶಿ ಬಿಟ್ಟು ದಾಂಡೇಲಿ ಕಡೆಗೆ ಏಳೆಂಟು ಕಿಲೋಮೀಟರ್ ಬಂದಿರಬೇಕು, ಬಾಡಿಗೆ ಕಾರಿನ ಬಾನೆಟ್ ಸಂದಿಯಿಂದ ಬಿಳಿ ಹಬೆ ಎದ್ದಿತು. ಡ್ರೈವರ್ ಫ್ಲೇವಿಯಾ ಗಾಡಿಯನ್ನು ರಸ್ತೆಯಂಚಿಗೆ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದಳು.

"ಏ ತಂಗಿ, ಅದನ್ನ ಮುಟ್ಟಬ್ಯಾಡ! ಕುದಿಯೋ ನೀರು ಮುಖಕ್ಕ ಹಾರತೈತಿ!" ಹಿಂದಿನ ಸೀಟಿನಿಂದ ಮಹಾಬಳೇಶ್ವರ ಕೂಗಿದರು.

ಅವರ ಎರಡೂ ಕಿಡ್ನಿ ಕೆಟ್ಟು ಒಂದು ವರ್ಷವಾಗಿತ್ತು. ವಾರಕ್ಕೆರಡು ಸಲ ದಾಂಡೇಲಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹತ್ತು ಗಂಟೆಗೆ ಪಾಳಿ. ಹೋದ ತಿಂಗಳು ಒಂದು ಪಾಳಿ ತಪ್ಪಿ ಮೈಯೆಲ್ಲ ಬಾತು, ಉಸಿರಿಗೆ ಒದ್ದಾಡಿದ್ದರು. ಈಗ ಏಳೂವರೆ. ಬಸ್ಸು ಆಗಲೇ ಹೋಗಿತ್ತು. ಆ ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ಫ್ಲೇವಿಯಾಳ ಕಣ್ಣು ತುಂಬಿತ್ತು. "ಇದು ನಾಕನೇ ಸಲ ಕಾಕಾ. ನೀರು ನೋಡದ ಓಡಸ್ತಿ ಅಂತ ಮಾಲಕರು ನನಗ ಬೈತಾರ. ಇನ್ನೊಮ್ಮೆ ಹೀಟಾದ್ರ ಚಾವಿ ಕೊಟ್ಟು ಮನಿಗೆ ಹೋಗು ಅಂದಾರ. ನಾ ದಿನಾ ಮುಂಜಾನೆ ನೀರು ನೋಡತೇನಿ, ಏಸುಸ್ವಾಮಿ ಆಣಿ!"

"ಚಾವಿ ಆನ್ ಇರ್ಲಿ, ಫ್ಯಾನು ತಿರಗತೈತೇನು ನೋಡು."

ರೇಡಿಯೇಟರಿನ ಹಿಂದಿದ್ದ ಫ್ಯಾನು ಅಲುಗದೆ ನಿಂತಿತ್ತು. "ಇಲ್ಲ ಕಾಕಾ. ಗ್ಯಾರೇಜಿಗೆ ಒಯ್ದಾಗ ಮಾತ್ರ ಚಲೋ ತಿರಗತೈತಿ. ಅದಕ್ಕ ನನ್ನ ಮಾತು ಯಾರೂ ನಂಬಂಗಿಲ್ಲ."

ಮಹಾಬಳೇಶ್ವರ ಬಾಗಿಲು ತೆರೆದರು. ಹೆಂಡತಿ ಮಧುಮತಿ ತೋಳು ಹಿಡಿದಳು. "ನೀವು ಸುಮ್ನ ಕೂಡ್ರಿ. ಯಾವದಾರ ಗಾಡಿ ಬರ್ತೈತಿ."

"ಮೂವತ್ತೊಂದು ವರ್ಷ ಕಾಗದದ ಮಿಲ್ಲಿನ್ಯಾಗ ಮೋಟಾರು ನೋಡೇನಿ. ಇದೊಂದು ನೋಡಾಕ ಬಿಡು," ಎಂದರು. ಕಾಯಿಲೆ ಬಿದ್ದ ಮೇಲೆ ಅವರು ಯಾವುದಕ್ಕೂ ಹೀಗೆ ಹಟ ಹಿಡಿದಿರಲಿಲ್ಲ. ಮಧುಮತಿ ಕೈ ಬಿಟ್ಟಳು.

ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಭಾರ ಬೀಳಬಾರದು, ಬಲಗೈಯೊಂದರಿಂದಲೇ ಆಗುವ ಕೆಲಸವಲ್ಲ. ಹಾಗಾಗಿ ಅವರು ಹೇಳಿದರು, ಫ್ಲೇವಿಯಾ ಮಾಡಿದಳು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದಳು. ಒಳಗಿನ ತಂತಿ ಸುಟ್ಟಿರಲಿಲ್ಲ. ಫ್ಯಾನಿಗೆ ಕರೆಂಟು ಬಿಡುವ ಕಪ್ಪು ರಿಲೇ ಕಿತ್ತು, ಅದರ ಜಾಗದಲ್ಲಿ ಹಾರ್ನಿನ ರಿಲೇ ಹಾಕಿದಳು. ಟಕ್ ಎಂದು ಸದ್ದಾಯಿತು, ಫ್ಯಾನು ಮಾತ್ರ ಅಲುಗಲಿಲ್ಲ.

"ಮೋಟಾರೇ ಸುಟ್ಟಿರಬೇಕು," ಎಂದಳು ಮಧುಮತಿ.

"ಸುಟ್ಟ ಮೋಟಾರು ಗ್ಯಾರೇಜಿನ್ಯಾಗ ಹೆಂಗ ತಿರುಗೀತು?" ಎಂದವರು, ಹಿಂದಿನ ಲೈಟಿನ ಒಂದು ಬಲ್ಬ್ ಬಿಚ್ಚಿಸಿದರು. ಹಾಳಾದ ಸ್ಪೀಕರಿನ ವಾಯರ್ ಕೊಯ್ಯಿಸಿ, ಬಲ್ಬಿಗೆ ಎರಡು ಬಾಲದಂತೆ ಕಟ್ಟಿಸಿದರು. ಫ್ಯಾನಿನ ಪ್ಲಗ್ ಬಿಚ್ಚಿಸಿ, "ಒಂದು ತುದಿ ಕೆಂಪು ವಾಯರಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ ಹಿಡಿ," ಎಂದರು.

ಬಲ್ಬ್ ಹತ್ತಿತು.

"ಕರೆಂಟು ಬರಾಕತ್ತೈತಿ. ಈಗ ಬ್ಯಾಟರಿ ಬಿಡು, ಆ ತುದಿ ಅದೇ ಪ್ಲಗ್ಗಿನ ಕರಿ ವಾಯರಿಗೆ ಹಿಡಿ."

ಹತ್ತಲಿಲ್ಲ. ಫ್ಲೇವಿಯಾ ಎರಡು ಸಲ ಒತ್ತಿ ಹಿಡಿದು ನೋಡಿದಳು.

ಮಹಾಬಳೇಶ್ವರರ ಬಾತ ಮುಖದಲ್ಲಿ ನಗು ಮೂಡಿತು. "ಸಿಕ್ತು! ಬಂದ ಕರೆಂಟು ತಿರುಗಿ ಹೋಗಾಕ ದಾರಿ ಇಲ್ಲ. ಆ ಕರಿ ವಾಯರ್ ಎಲ್ಲಿ ಮುಟ್ಟೈತಿ, ಕೈಲೇ ಹುಡುಕ್ಕೋತ ಹೋಗು."

ವಾಯರು ಹೆಡ್‌ಲೈಟಿನ ಕೆಳಗೆ ನುಸುಳಿ ಕಾರಿನ ಮೈಗೆ ಒಂದು ಬೋಲ್ಟಿನಲ್ಲಿ ಸೇರಿತ್ತು. ಬೋಲ್ಟಿನ ಸುತ್ತ ಹಸಿರು ಕಿಲುಬು. ಫ್ಲೇವಿಯಾ ಬೆರಳಿನಿಂದ ಮುಟ್ಟಿದ್ದೇ ಗಡಗಡ ಅಲುಗಿತು.

"ಕಾಕಾ, ಇದು ಸಡಲ ಆಗೇತಿ!"

"ಅದಕ್ಕ ನೋಡು. ಗ್ಯಾರೇಜಿನ್ಯಾಗ ನಿಂತಾಗ ಮುಟ್ಟತೈತಿ, ಘಟ್ಟದಾಗ ಕುಲುಕಾಡಿದ್ರ ಬಿಡತೈತಿ. ನಿನ್ನ ತಪ್ಪು ಏನೂ ಇಲ್ಲ."

ಫ್ಲೇವಿಯಾ ಮುಖ ಆ ಕಡೆ ತಿರುಗಿಸಿ ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ಚಾವಿ ಆಫ್ ಮಾಡಿ, ಬೋಲ್ಟ್ ಬಿಚ್ಚಿ, ವಾಯರಿನ ತುದಿಯ ಲೋಹದ ಬಳೆಯನ್ನು ರಸ್ತೆ ಬದಿಯ ಕಲ್ಲಿಗೆ ಹೊಳೆಯುವಷ್ಟು ಉಜ್ಜಿದಳು. ಬೋಲ್ಟ್ ಬಿಚ್ಚಿದ ಪಾನಾದ ಅಂಚಿನಿಂದ ಕಾರಿನ ಮೈಮೇಲಿದ್ದ ಕಿಲುಬು ಕೆರೆದಳು. ಬೋಲ್ಟ್ ಬಿಗಿದು, ಪ್ಲಗ್ ಕೂಡಿಸಿದಳು.

"ಕೈ ದೂರ ತಗಿ. ಈಗ ಚಾವಿ ತಿರುಗಿಸು."

ಫ್ಯಾನು ಭರ್ರೆಂದು ತಿರುಗಿತು. ಮಧುಮತಿ ಬೆಚ್ಚಿ ಹಿಂದೆ ಸರಿದವಳು ಗಂಡನ ಹೆಗಲು ಹಿಡಿದು ಜೋರಾಗಿ ನಕ್ಕುಬಿಟ್ಟಳು. ಇಂಜಿನ್ ತಣ್ಣಗಾಗುವವರೆಗೂ ಕಾದು, ಮೋರಿಯ ಕೆಳಗಿನ ಹಳ್ಳದಿಂದ ನೀರು ತಂದು ತುಂಬಿಸಿದರು. ಜೋಯಿಡಾ ತಲುಪಿ ಸಿಗ್ನಲ್ ಬಂದದ್ದೇ ಫ್ಲೇವಿಯಾ ಮಾಲೀಕರಿಗೆ ಫೋನ್ ಹಚ್ಚಿ, ಕರಿ ವಾಯರಿನ ಕತೆಯನ್ನು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ಮಾಲೀಕ ಚನಬಸಪ್ಪ, "ಆತು. ನಾ ಸುಮ್ನ ಬೈದ್ನೆವಾ. ಅವರನ್ನ ಹುಷಾರಾಗಿ ಆಸ್ಪತ್ರಿಗೆ ಮುಟ್ಟಸು," ಎಂದರು.

ಹತ್ತಕ್ಕೆ ಐದು ನಿಮಿಷವಿದ್ದಾಗ ಆಸ್ಪತ್ರೆ ಬಂತು. ಮಹಾಬಳೇಶ್ವರರನ್ನು ಮಲಗಿಸಿ, ಸೂಜಿ ಚುಚ್ಚಿ, ನರ್ಸ್ ಯಂತ್ರ ಚಾಲೂ ಮಾಡಿದಳು. ಇನ್ನು ನಾಲ್ಕು ತಾಸು ಅವರು ಅಲುಗುವಂತಿರಲಿಲ್ಲ.

ಅರ್ಧ ತಾಸಿನಲ್ಲಿ ವಾರ್ಡಿನ ಬಾಗಿಲಲ್ಲಿ ಖಾಕಿ ತೊಟ್ಟ ಆಟೋದವನೊಬ್ಬ ಇಣುಕಿದ. ಹೊರಗೆ ಫ್ಲೇವಿಯಾ ಫ್ಯಾನಿನ ಕತೆಯನ್ನು ಎಲ್ಲರಿಗೂ ಹೇಳಿಬಿಟ್ಟಿದ್ದಳು. "ಗಾಡಿ ಕರೆಂಟು ನೋಡೋ ಕಾಕಾ ಯಾರ್ರೀ? ನನ್ನ ಆಟೋದ ಹೆಡ್‌ಲೈಟು ಒಮ್ಮೆ ಹತ್ತತೈತಿ, ಒಮ್ಮೆ ಇಲ್ಲ…" ಎಂದ ಅವನು.

"ಇದೇನು ಗ್ಯಾರೇಜೇನ್ರಿ? ಹೊರಗ ನಡೀರಿ!" ನರ್ಸ್ ಗದರಿದಳು.

ಮಹಾಬಳೇಶ್ವರ ದಿಂಬಿನಿಂದ ತಲೆ ತುಸು ಎತ್ತಿದರು. "ಇರ್ಲಿ ಬಿಡವಾ ಸಿಸ್ಟರ್, ಬಾಗಿಲದಾಗ ನಿಂತೇ ಕೇಳಲಿ. ನಾಕು ತಾಸು ನಾ ಎಲ್ಲಿಗೆ ಹೋಗ್ತೇನಿ?"