ಓ ಎಂದವಳು

ಬಂಡಮ್ಮ ಪೀರಮ್ಮನ ಮನೆಯ ಹೊಸ್ತಿಲಿಗೆ ಬಂದಾಗ ಗಂಡನ ಚಪ್ಪಲಿ ಅಲ್ಲೇ ಇದ್ದವು. ಮಧ್ಯಾಹ್ನ ಕಲ್ಲುಗಣಿಯಲ್ಲಿ ಮದ್ದು ಹಾರಿಸುವ ಹೊತ್ತಾದರೆ ಸಾಕು, ಈಶಪ್ಪ ಉಣ್ಣುತ್ತಿದ್ದ ರೊಟ್ಟಿ ಬಿಟ್ಟೆದ್ದು ಈ ವಿಧವೆಯ ಮನೆ ಸೇರುತ್ತಿದ್ದ. ಯಾಲಾಲ ಊರಿನ ಹೆಂಗಸರು ಆಗಲೇ ಬಾಯಿಗೆ ಸೆರಗು ಹಿಡಿದು ನಗತೊಡಗಿದ್ದರು. ಬೇಯಿಸಿ ಬಡಿಸುವುದು ಇವಳು, ಕೂಡಿಸಿಕೊಳ್ಳುವುದು ಅವಳು. ಎಲ್ಲಿಯ ನ್ಯಾಯ!

ಪೀರಮ್ಮನ ಗಂಡ ವಿಠೋಬಾ ಹೋದ ಬೇಸಿಗೆಯಲ್ಲಿ ಅದೇ ಗಣಿಯಲ್ಲಿ ಮದ್ದಿಗೆ ಸಿಕ್ಕು ಸತ್ತಿದ್ದ. ಜೊತೆಗಿದ್ದ ಈಶಪ್ಪ ಓಡಿ ಬದುಕಿಕೊಂಡ. ಗಣಿ ಬಿಟ್ಟು ಹೊಲ ಹಿಡಿದ. ಕನಿಕರವಿರಲಿ, ಅದಕ್ಕೂ ಒಂದು ಮಿತಿ ಬೇಡವೇ? ಬಂಡಮ್ಮ ಬಾಗಿಲು ದೂಡಿದಳು.

ಪೀರಮ್ಮ ಒಬ್ಬಳೇ ಕುಳಿತು ತೊಗರಿ ಹಸನು ಮಾಡುತ್ತಿದ್ದಳು.

"ಎಲ್ಲಿ ಬಚ್ಚಿಟ್ಟೀದಿ ನನ್ನ ಗಂಡನ್ನ?" ದಿನವೂ ಅಕ್ಕ ಎನ್ನುತ್ತಿದ್ದವಳು ಇಂದು ಆ ಮಾತನ್ನೇ ನುಂಗಿಬಿಟ್ಟಳು.

ಪೀರಮ್ಮ ಮೂಲೆಯತ್ತ ಕೈ ತೋರಿಸಿದಳು. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿ ತೆರೆದಿತ್ತು. ಬರಿದಾದ ಆ ಗುಂಡಿಯಲ್ಲಿ ಈಶಪ್ಪ ಮೊಣಕಾಲ ನಡುವೆ ತಲೆ ಹುದುಗಿಸಿ, ಎರಡೂ ಕಿವಿ ಮುಚ್ಚಿಕೊಂಡು ಕುಳಿತಿದ್ದ. ಮೈ ಗಡಗಡ ನಡುಗುತ್ತಿತ್ತು.

ದೂರದಲ್ಲಿ ಮದ್ದು ಹಾರಿತು. ಗೂಡಿನಲ್ಲಿದ್ದ ತಟ್ಟೆಗಳು ಅದುರಿದವು.

"ವಿಠೋಬಾ! ಓಡೋ! ಓಡಿ ಬಾರೋ!" ಕೆಳಗಿನಿಂದ ಕೂಗು ಎದ್ದಿತು.

"ಓ! ಬಂದೀನಿ!" ಪೀರಮ್ಮ ದನಿ ದಪ್ಪ ಮಾಡಿ ಓಗೊಟ್ಟಳು. ಕೂಗು ನಿಂತಿತು. ಅವಳು ಮತ್ತೆ ಮೊರ ಎತ್ತಿಕೊಂಡಳು.

ಬಂಡಮ್ಮ ಹಗೇವಿನ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದಳು. "ನಮ್ಮನ್ಯಾಗ ಒಮ್ಮೀನೂ ಹಿಂಗ ಒದರಿಲ್ಲ ಅಕ್ಕಾ."

"ಹೆಂಡ್ತಿ ಮುಂದ ನಡಗಾಕ ನಾಚ್ಕಿ ಬರ್ತದಂತ ಅವಗ."

ಹಾಗಾದರೆ ಇವಳ ಮುಂದೆ ನಾಚಿಕೆಯಿಲ್ಲ! ಬಂಡಮ್ಮನ ಹೊಟ್ಟೆಕಿಚ್ಚು ಇನ್ನಷ್ಟು ಉರಿಯಿತು. ಗಂಡನ ನಗು, ಸಿಟ್ಟು ತನ್ನದಾದರೆ ನಡುಕವೂ ತನ್ನದೇ.

"ನಾಳಿಂದ ಅಂವ ಇಲ್ಲಿ ಬರೂದು ಬ್ಯಾಡ. ಮನ್ಯಾಗ ನಾನೇ ಓ ಅಂತೀನಿ."

ಪೀರಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಅವಳು ಬಂಡಮ್ಮನನ್ನು ನೋಡಿದ ನೋಟದಲ್ಲಿ ಈಗ ಅದೇ ಕಿಚ್ಚು.

"ಗಂಡನ ಹೆಸರು ನಾ ಬಾಯಿಲೆ ಅನ್ನಾಂಗಿಲ್ಲ. ಊರಂತೂ ಮರತೇ ಬಿಟ್ಟದ. ಅಂವನ ಹೆಸರು ಹಿಡದು ಇನ್ನೂ ಕರಿಯಾಂವ ನಿನ್ನ ಗಂಡ ಒಬ್ಬನೇ. ಅದನ್ನೂ ಒಯ್ತೀಯೇನು ತಂಗಿ?"