ಮುನಿರಾಮಯ್ಯನ ನೊರೆ

"ಸೋತೋನೇ ಗೆದ್ದೋನಿಗೆ ಫೋನ್ ಮಾಡಿ ಕಂಗ್ರಾಜುಲೇಷನ್ಸ್ ಅಂದನಂತೆ ಕಣಯ್ಯ! ಕುರ್ಚೀಲಿ ಕೂತಿದ್ದೋನೇ ಸೋತಿರೋದು. ಆದ್ರೂ ಒಬ್ಬರನ್ನೂ ಒಳಗೆ ಹಾಕಿಸಿಲ್ಲ, ನೋಡು!"

ಎರಡು ಕೆನ್ನೆಗೂ ನೊರೆ ಮೆತ್ತಿಸಿಕೊಂಡು, ಮೂಗಿನ ಮುಂದೆ ಪೇಪರು ಹಿಡಿದು ಹೀಗೆ ವರದಿ ಒಪ್ಪಿಸಿದವರು ಹೆಡ್ ಕ್ಲರ್ಕ್ ಪದ್ಮನಾಭಯ್ಯ. ಕೇಳಿಸಿಕೊಂಡವನು ಕ್ಷೌರದ ಮುನಿರಾಮಯ್ಯ. ವಿಜಯನಗರದ ಮಾರ್ಕೆಟ್ ರಸ್ತೆಯ ಅವನ ಅಂಗಡಿಯಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಬೆಂಚು, ಒಂದು ಕನ್ನಡಿ. ಕನ್ನಡಿಯ ಮೇಲೊಂದು ಬೋರ್ಡು: 'ಇಲ್ಲಿ ರಾಜಕೀಯ ಮಾತನಾಡಬಾರದು.' ತುರ್ತು ಪರಿಸ್ಥಿತಿ ಬಂದ ವಾರವೇ ಅವನು ಅದನ್ನು ಬರೆಸಿ ಹಾಕಿದ್ದ. ಎದುರಿನ ಟೀ ಅಂಗಡಿಯ ಬೆಟ್ಟಯ್ಯ ಬರೆಸಿರಲಿಲ್ಲ. ಗಿರಾಕಿಗಳು ದೆಹಲಿಯ ಬಗ್ಗೆ ಏನೋ ಅಂದು ನಕ್ಕರು; ಪೊಲೀಸರು ಬಂದು ಬೆಟ್ಟಯ್ಯನನ್ನು ಕರೆದುಕೊಂಡು ಹೋದರು. ನಕ್ಕವರು ಈಗ ಬೇರೆ ಕಡೆ ಟೀ ಕುಡಿಯುತ್ತಿದ್ದಾರೆ. ಬೆಟ್ಟಯ್ಯನ ಅಂಗಡಿಗೆ ಹಾಕಿದ ಬೀಗ ಮಾತ್ರ ಹಾಗೇ ಇದೆ. ಮುನಿರಾಮಯ್ಯ ಬೆಳಿಗ್ಗೆ ಬಾಗಿಲು ತೆಗೆಯುವಾಗ ಮೊದಲು ಕಣ್ಣಿಗೆ ಬೀಳುವುದೇ ಅದು.

"ಸ್ವಾಮಿ, ಬೋರ್ಡು," ಎಂದು ಬಾಚಣಿಗೆಯಿಂದ ತೋರಿಸಿದ.

"ಇದು ನಮ್ಮ ರಾಜಕೀಯ ಅಲ್ಲವಲ್ಲಯ್ಯ, ಅಮೆರಿಕಾದ್ದು."

"ಹಂಗಾದ್ರೆ ಆ ದಡದಲ್ಲೇ ಇರಿ ಮತ್ತೆ. ಸಮುದ್ರ ದಾಟಿ ಈ ಕಡೆ ಬರಂಗಿಲ್ಲ. ಎಲ್ಲಿ, ಗೆದ್ದೋರ ಫೋಟೋ ತೋರ್ಸಿ. ಆಹಾ, ಏನು ಕ್ರಾಪು ಸ್ವಾಮಿ! ಏನು ಹಲ್ಲು! ಏನು ಕೆಲಸವಂತೆ ಅವರಿಗೆ?"

"ಕಡಲೆಕಾಯಿ ಬೆಳೀತಾನಂತೆ."

"ಅಷ್ಟು ದೊಡ್ಡ ದೇಶಕ್ಕೆ ಕಡಲೆಕಾಯೋನಾ? ನಮ್ಮ ಸುಂಕದಕಟ್ಟೆ ಷಡ್ಕನೂ ಅದನ್ನೇ ಬೆಳೀತಾನೆ. ಮನೇಲಿ ಅವನ ಮಾತು ಅವನ ಹೆಂಡ್ತೀನೇ ಕೇಳಲ್ಲ. ಇರಲಿ, ರಷ್ಯಾದೋರು ಏನಂದ್ರಂತೆ?"

"ಅಲ್ಲಿ ಸರ್ಕಾರ ಹೇಳಿದ್ದು ಬಿಟ್ಟು ಪೇಪರಿನೋರು ಇನ್ನೇನು ಬರೀತಾರಯ್ಯ? ಈಗ ನಮ್ಮಲ್ಲೂ..."

ಮುನಿರಾಮಯ್ಯನ ಬ್ರಷ್ಷು ಪದ್ಮನಾಭಯ್ಯನವರ ತುಟಿಗಳ ಮೇಲೆ ಅಡ್ಡಡ್ಡ ಓಡಿತು. ಇದು ಅವನ ಅಂಗಡಿಯ ಕಾನೂನು. ಮಾತು ಈ ದಡಕ್ಕೆ ಬರಲು ಸಮುದ್ರಕ್ಕೆ ಕಾಲಿಟ್ಟ ಕೂಡಲೇ ಬಾಯಿಗೆ ನೊರೆ. ಸೋಪು ತಿನ್ನಲು ಮನಸ್ಸಿದ್ದವರು ಬೇಕಾದರೆ ಮುಂದುವರಿಸಬಹುದು. ಪದ್ಮನಾಭಯ್ಯನವರ ಒಂದು ಗಡ್ಡಕ್ಕೆ ಮೂರು ಗಡ್ಡದ ಸೋಪು ಮುಗಿಯುತ್ತಿತ್ತು.

ಒಂದು ಕೆನ್ನೆ ಬೋಳಿಸಿ ಮುಗಿಸುವಷ್ಟರಲ್ಲಿ ಒಬ್ಬ ಒಳಗೆ ಬಂದು ಬೆಂಚಿನ ಮೇಲೆ ಕೂತ. ದೊಡ್ಡ ಮೀಸೆ, ಹೂವಿನ ಬುಷ್‌ಶರ್ಟು, ಪಂಚೆ. ಪಂಚೆಯ ಕೆಳಗೆ ಫಳಫಳ ಪಾಲಿಷಿನ ಪೊಲೀಸ್ ಬೂಟು. ಕನ್ನಡಿಯಲ್ಲಿ ಅದನ್ನು ಕಂಡ ಮುನಿರಾಮಯ್ಯ ಕತ್ತಿಯನ್ನು ಎಡಗೈಗೆ ಬದಲಿಸಿ, ಬಲಗೈಗೆ ಬ್ರಷ್ಷು ಎತ್ತಿಕೊಂಡ. ಪೇಪರಿನಲ್ಲಿ ಮುಳುಗಿದ್ದ ಪದ್ಮನಾಭಯ್ಯ ಏನನ್ನೂ ಕಾಣದೆ, ಟವೆಲ್ಲಿನಿಂದ ತುಟಿ ಒರೆಸಿಕೊಂಡು ಮತ್ತೆ ಶುರು ಮಾಡಿದರು.

"ಇನ್ನೊಂದು ಕೇಳು. ಅಲ್ಲಿ ಎಲೆಕ್ಷನ್ನು ನಾಲ್ಕು ವರ್ಷಕ್ಕೆ ಅಂದ್ರೆ ನಾಲ್ಕು ವರ್ಷಕ್ಕೇ. ಯುಗಾದಿ ಬಂದ ಹಾಗೆ ಬರುತ್ತೆ. ಮುಂದಕ್ಕೆ ಹಾಕೋ ಮಾತೇ ಇಲ್ಲ. ಇಲ್ಲಿ ನೋಡಿದ್ರೆ..."

ಈ ಸಲ ಬ್ರಷ್ಷು ಮೂಗಿನೊಳಕ್ಕೇ ನುಗ್ಗಿತು. ಪದ್ಮನಾಭಯ್ಯ ಸೀನಿ, ಬೈಯಲೆಂದು ತಲೆ ಎತ್ತಿದರು. ಕನ್ನಡಿಯಲ್ಲಿ ಮುನಿರಾಮಯ್ಯನ ಕಣ್ಣು ಕೆಳಗೆ, ಬೂಟಿನ ಕಡೆಗೆ ತೋರಿಸುತ್ತಿತ್ತು.

"ರೈಲುಗಳೆಲ್ಲ ಸರಿಯಾದ ಟೈಮಿಗೆ ಬರ್ತಿವೆಯಂತೆ ಕಣಯ್ಯ," ಎಂದು ಅವರು ಗಟ್ಟಿಯಾಗಿ ಓದಿದರು, ಪುಟವನ್ನೂ ತಿರುಗಿಸದೆ.

"ರೈಲು ಬಿಡಿ ಸಾರ್," ಎಂದ ಬೆಂಚಿನವನು. "ಆ ಸೋತೋರ ವಿಷಯ ಓದ್ತಿದ್ರಲ್ಲ, ಅದನ್ನ ಓದಿ."

"ಅದು ಅಮೆರಿಕಾದ್ದು ಸಾರ್!" ಮುನಿರಾಮಯ್ಯ ಕತ್ತಿ ಹಿಡಿದೇ ತಿರುಗಿದ. "ನಾನು ಬೋರ್ಡೂ ಹಾಕಿದೀನಿ, ನೋಡಿ."

"ನೋಡ್ದೆ."

ಪದ್ಮನಾಭಯ್ಯನವರಿಗೆ ಇದ್ದಕ್ಕಿದ್ದಂತೆ ಆಫೀಸಿಗೆ ಹೊತ್ತಾಯಿತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಬೆಳ್ಳಗೆ, ಹೆಗಲ ಮೇಲೆ ಅಂಗಡಿಯದೇ ಟವೆಲ್ಲು, ಹಾಗೇ ರಸ್ತೆಗಿಳಿದು ಮಾಯವಾದರು.

ಬೂಟಿನವನು ಬಂದು ಆ ಬೆಚ್ಚಗಿನ ಕುರ್ಚಿಯಲ್ಲಿ ಕೂತ. ಮುನಿರಾಮಯ್ಯ ಅವನ ಕೆನ್ನೆಗೆ ನೊರೆ ಹಚ್ಚತೊಡಗಿದ. ಅಂಗಡಿಯ ಬೀಗ ಎಲ್ಲಿಟ್ಟಿದ್ದೇನೆಂದು ಅವನ ಮನಸ್ಸು ಹುಡುಕುತ್ತಿತ್ತು.

"ಬೆಟ್ಟಯ್ಯನ್ನ ಕರ್ಕೊಂಡು ಹೋದೋನು ನಾನೇ ಕಣಪ್ಪ," ಎಂದ ಅವನು, ಕನ್ನಡಿ ನೋಡುತ್ತಾ.

ಬ್ರಷ್ಷು ನಿಂತಿತು.

"ಒಳ್ಳೆ ಟೀ ಮಾಡ್ತಿದ್ದ. ಈಗ ಈ ರಸ್ತೇಲಿ ಡ್ಯೂಟಿ ಬಿದ್ರೆ ನನಗೂ ಟೀ ಇಲ್ಲ." ದನಿ ತಗ್ಗಿಸಿ ಕೇಳಿದ, "ಅಲ್ಲಾ, ಸೋತೋರು ನಿಜವಾಗ್ಲೂ ಹಂಗೇ ಎದ್ದು ಮನೆಗೆ ಹೋಗ್ತಾರಾ?"

"ಆ ದಡದಲ್ಲಿ ಹೋಗ್ತಾರಂತೆ ಸಾರ್."

"ಹಂಗಾದ್ರೆ ಈ ದಡದಲ್ಲಿ ಯಾವಾಗ..."

ಮುನಿರಾಮಯ್ಯನ ಕೈ ಅಭ್ಯಾಸಬಲದಿಂದ ಮೇಲೆದ್ದು, ಇದು ಪೊಲೀಸಿನವನ ಬಾಯಿ ಎಂಬುದು ನೆನಪಾಗಿ, ಅರ್ಧದಲ್ಲೇ ನಿಂತುಬಿಟ್ಟಿತು. ಕುರ್ಚಿಯಲ್ಲಿದ್ದವನು ಕನ್ನಡಿಯ ಮೇಲಿನ ಬೋರ್ಡು ನೋಡಿದ. ತಿರುಗಿ ಬಾಗಿಲ ಕಡೆ ನೋಡಿದ. ಆಮೇಲೆ ಮೆಲ್ಲಗೆ ಕೈಚಾಚಿ ಮುನಿರಾಮಯ್ಯನ ಕೈಯಿಂದ ಬ್ರಷ್ಷು ತೆಗೆದುಕೊಂಡು, ತನ್ನ ತುಟಿಗಳ ಮೇಲೆ ತಾನೇ, ಮೀಸೆಯೂ ಮುಚ್ಚಿಹೋಗುವಷ್ಟು ದಪ್ಪಗೆ, ಈ ಕೊನೆಯಿಂದ ಆ ಕೊನೆಗೆ ನೊರೆ ಬಳಿದುಕೊಂಡ.